ಕೋವಿಯ ಒದೆತ: ಅಂಜಿಕೆ ಬೇಡ, ಹಿಡಿತವಿರಲಿ



ಕೊಡಗು, ಮಲೆನಾಡುಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿಯ ಕೋವಿ ಇಟ್ಟುಕೊಂಡವರು ಅನೇಕರು. 12 ಬೋರಿನ ತೋಟೆಯಿಂದ ಸುಮಾರು 30 ಗ್ರಾಂ ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಆಗ ಕೋವಿ ಹಿಂದಕ್ಕೆ ಒದೆಯುವುದು ಸಹಜ. ಕೋವಿ ಹಗುರವಾದಷ್ಟೂ ಒದೆತ ಹೆಚ್ಚು.

ಒದೆತಕ್ಕಿಂತ ಅದರ ಅಂಜಿಕೆಯೇ ಅಪಾಯಕಾರಿ. ಅಂಜಿದವನು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತಾನೆ, ಭುಜ ಸರಿಸುತ್ತಾನೆ; ನಳಿಕೆ ಎತ್ತಲೋ ತಿರುಗುತ್ತದೆ. ತೋಟದಲ್ಲಿ ಆಳುಕಾಳುಗಳಿರುತ್ತಾರೆ ಎಂಬುದನ್ನು ಮರೆಯಬಾರದು. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಕೋವಿಯ ಬುಡವನ್ನು ಭುಜದ ಮೂಳೆಗಲ್ಲ, ಅದರ ಒಳಬದಿಯ ಮೆತ್ತನೆಯ ಗುಳಿಗೆ ಬಿಗಿಯಾಗಿ ಒತ್ತಿರಿ. ಸಡಿಲ ಹಿಡಿದರೆ ಗುದ್ದುತ್ತದೆ, ಬಿಗಿ ಹಿಡಿದರೆ ತಳ್ಳುತ್ತದೆ.

2. ಬಲಗೈಯವರು ಎಡಗಾಲು ಮುಂದಿಟ್ಟು, ತುಸು ಮುಂದಕ್ಕೆ ಬಾಗಿ ನಿಲ್ಲಿರಿ.

3. ಬುಡಕ್ಕೆ ರಬ್ಬರ್ ಮೆತ್ತೆ ಹಾಕಿಸಿರಿ. ಸದ್ದೂ ಅಂಜಿಕೆಗೆ ಕಾರಣ. ಕಿವಿಗೆ ರಕ್ಷಣೆ ಇರಲಿ.

4. ಜೋಡಿ ನಳಿಕೆಗಳನ್ನು ಒಮ್ಮೆಲೇ ಹಾರಿಸಬೇಡಿರಿ.

5. ಬಲ್ಲವರೆದುರು ಖಾಲಿ ಕೋವಿಯಿಂದ ಅಭ್ಯಾಸ ಆರಂಭಿಸಿ, ಬಳಿಕ ಕಡಿಮೆ ಚರೆಯ ತೋಟೆ ಬಳಸಿರಿ.

ಕೊನೆಯ ಮಾತು: ಪರವಾನಗಿ ಬೇಟೆಗೆ ಅಪ್ಪಣೆಯಲ್ಲ. ಬೆಳೆಗೆ ನುಗ್ಗಿದ ಮಾತ್ರಕ್ಕೆ ಸಂರಕ್ಷಿತ ಪ್ರಾಣಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮೊದಲು ಅರಣ್ಯ ಇಲಾಖೆಗೆ ತಿಳಿಸಿರಿ.