ಎಸ್‌ನಿಂದ ಮುಗಿಯುವ ಹೆಸರುಗಳು

ಜೇಮ್ಸ್, ಥಾಮಸ್, ಚಾರ್ಲ್ಸ್, ಜೋನ್ಸ್ – ಎಸ್ ಅಕ್ಷರದಿಂದ ಮುಗಿಯುವ ಹೆಸರುಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ‘ಜೇಮ್ಸ್‌ನ ಮನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಮಾತ್ರ ಕೈ ತಡೆಯುತ್ತದೆ. ಅಪಾಸ್ಟ್ರಫಿ ಹಾಕಿ ನಿಲ್ಲಿಸಬೇಕೋ, ಅದರ ಮುಂದೆ ಇನ್ನೊಂದು ಎಸ್ ಬರೆಯಬೇಕೋ?

ಬಾಯಿಬಿಟ್ಟು ಹೇಳಿ ನೋಡಿ. ‘ಜೇಮ್ಸಸ್ ಹೌಸ್’ ಎನ್ನುತ್ತೇವಲ್ಲ, ಕಿವಿಗೆ ಬಿದ್ದ ಆ ಇನ್ನೊಂದು ಎಸ್ ಕಾಗದದ ಮೇಲೂ ಇರಲಿ ಎಂಬುದು ನನ್ನ ಪಕ್ಷ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಪಕ್ಕದ ಸೇಂಟ್ ಜೇಮ್ಸಸ್ ಪಾರ್ಕ್ ಎಂಬ ಉದ್ಯಾನದ ಹೆಸರನ್ನು ಬರೆಯುವುದೂ ಹಾಗೆಯೇ. ನ್ಯೂಕಾಸಲ್‌ನ ಫುಟ್‌ಬಾಲ್ ಮೈದಾನಕ್ಕೂ ಅದೇ ಹೆಸರು; ಅಲ್ಲಿ ಅಪಾಸ್ಟ್ರಫಿಗೇ ನಿಲ್ಲಿಸುತ್ತಾರೆ. ಇಂಥ ಸ್ಥಳನಾಮಗಳನ್ನು ಅಲ್ಲಿಯವರು ಬರೆದಂತೆಯೇ ಬರೆಯಬೇಕು, ತಿದ್ದಲು ಹೋಗಬಾರದು.

ತಿಳಿದವರಲ್ಲೂ ಒಮ್ಮತವಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹೆಚ್ಚಿನ ಎಸ್ ಬೇಡವೆನ್ನುತ್ತದೆ. ಪುಸ್ತಕ ಪ್ರಕಾಶಕರು ನೆಚ್ಚುವ ಚಿಕಾಗೋ ಕೈಪಿಡಿ ಬೇಕೆನ್ನುತ್ತದೆ. 2006ರಲ್ಲಿ ಕಾನ್ಸಸ್ ರಾಜ್ಯದ ಮರಣದಂಡನೆ ಕಾನೂನಿನ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದಿತ್ತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ‘ಕಾನ್ಸಸ್‌ನ’ ಎನ್ನಲು ಬರಿಯ ಅಪಾಸ್ಟ್ರಫಿ ಹಾಕಿದರು; ಭಿನ್ನಮತ ಬರೆದ ನ್ಯಾಯಮೂರ್ತಿ ಸೂಟರ್ ಎಸ್ ಸೇರಿಸಿದರು. ಒಂದೇ ಮೊಕದ್ದಮೆ, ಒಂದೇ ರಾಜ್ಯ, ಎರಡು ಬರಹ.

ಆರ್ಕನ್ಸಾ ರಾಜ್ಯದ ಕಥೆ ಇನ್ನೂ ಸ್ವಾರಸ್ಯದ್ದು. ಆ ಹೆಸರಿನ ಕೊನೆಗೆ ಎಸ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಾಗೆಂದು 1881ರಲ್ಲೇ ಅಲ್ಲಿನ ಶಾಸನಸಭೆ ಗೊತ್ತುಪಡಿಸಿತು. ‘ಆರ್ಕನ್ಸಾದ’ ಎಂದು ಹೇಳುವಾಗ ಎಸ್ ಕೇಳಲೇಬೇಕು. ಬರಹದಲ್ಲಿ ಅದನ್ನು ಬಿಟ್ಟರೆ ಓದುವವನಿಗೆ ಅದು ಎಲ್ಲಿಂದ ಬರಬೇಕು? 2007ರಲ್ಲಿ ಅಲ್ಲಿನ ಕೆಳಮನೆ ಅಪಾಸ್ಟ್ರಫಿಯ ಮುಂದೆ ಎಸ್ ಇರಲಿ ಎಂದು ನಿರ್ಣಯ ಮಾಡಿತು. ಸರಿಯಾದ ನಿರ್ಣಯ.

ಆದರೆ ಬಹುವಚನಕ್ಕೆ ಬಂದಾಗ ಕಿವಿಯೊಂದನ್ನೇ ನಂಬುವಂತಿಲ್ಲ. ಕನ್ನಡದಲ್ಲಿ ಬಸ್ಸಿನ, ಬಸ್ಸುಗಳು, ಬಸ್ಸುಗಳ – ಮೂರೂ ಬೇರೆಬೇರೆ ಕೇಳುತ್ತವೆ. ಇಂಗ್ಲಿಷಿನಲ್ಲಿ ಒಬ್ಬ ಜೋನ್ಸ್‌ನದು, ಜೋನ್ಸ್ ಮನೆಯವರೆಲ್ಲರು, ಅವರೆಲ್ಲರದು – ಮೂರೂ ‘ಜೋನ್ಸಸ್’ ಎಂದೇ ಕೇಳುತ್ತವೆ. ಬರೆಯುವ ಮೊದಲು ಒಬ್ಬರೋ ಹಲವರೋ ಎಂದು ಕೇಳಿಕೊಳ್ಳಬೇಕು. ಒಬ್ಬರದ್ದಾದರೆ ಮೇಲೆ ಹೇಳಿದಂತೆ. ಮನೆಯವರೆಲ್ಲ ಬಂದರು ಎನ್ನುವುದಾದರೆ ಹೆಸರಿಗೆ ಇ, ಎಸ್ ಎರಡನ್ನೂ ಸೇರಿಸಿದರೆ ಸಾಕು. ಅಪಾಸ್ಟ್ರಫಿಗೆ ಅಲ್ಲಿ ಕೆಲಸವಿಲ್ಲ. ಮನೆಯ ಫಲಕಗಳಲ್ಲಿ, ಶುಭಾಶಯ ಪತ್ರಗಳಲ್ಲಿ ಜನ ಎಡವುವುದು ಇಲ್ಲಿಯೇ. ಅವರೆಲ್ಲರ ಮನೆ ಎನ್ನಬೇಕಾದರೆ ಆ ಬಹುವಚನ ಪೂರ್ತಿಯಾದ ಮೇಲೆ, ಕಟ್ಟಕಡೆಗೆ, ಅಪಾಸ್ಟ್ರಫಿ ಹಾಕಿ.