ಅಮ್ಮನ ಗಂಧದ ಕೊರಡು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳು)



'ನಮ್ಮ ಮನೆಯ ಒಂದು ಸಂಪ್ರದಾಯ'ದ ಬಗ್ಗೆ ಮಾತಾಡಿ ಎಂದಾಗ ನನಗೆ ನೆನಪಾದದ್ದು ಅಮ್ಮನ ಗಂಧದ ಕೊರಡು. ಮದುವೆಯಾಗಿ ಮುಂಬಯಿಗೆ ಬರುವಾಗ ತೀರ್ಥಹಳ್ಳಿಯಿಂದ ತಂದದ್ದು. ಆಗ ಗೇಣುದ್ದ ಇತ್ತಂತೆ, ಈಗ ನನ್ನ ಹೆಬ್ಬೆರಳಿನಷ್ಟಿದೆ.

ದಿನವೂ ಸ್ನಾನವಾದ ಮೇಲೆ ಅಮ್ಮ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ತೇಯುತ್ತಿದ್ದಳು. "ಕಡಲೆಕಾಳಿನಷ್ಟು ಸಾಕು, ದೇವರಿಗೆ ದುಂದು ಬೇಡ" ಎನ್ನುವಳು. ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ಈ ಪಂಚೋಪಚಾರದಲ್ಲಿ ಮೊದಲನೆಯದೇ ಗಂಧ. ಉಳಿದದ್ದು ನಮ್ಮ ಹಣೆಗೆ, ಬೇಸಿಗೆಯಲ್ಲಿ ಬೆವರುಸಾಲೆಗೆ.

ಗಂಧಕ್ಕೆ ಜಾತಿ ಮತಗಳ ಹಂಗಿಲ್ಲ. ಸಿಂಹಾಚಲದ ವರಾಹ ನರಸಿಂಹ ವರ್ಷವಿಡೀ ಗಂಧಲೇಪನದೊಳಗೇ ಇದ್ದು, ಅಕ್ಷಯ ತೃತೀಯದ ದಿನ ಮಾತ್ರ ನಿಜರೂಪ ತೋರುತ್ತಾನೆ. ದರ್ಗಾಗಳ ಉರುಸಿನಲ್ಲಿ ಗಂಧದ ಮೆರವಣಿಗೆ ಹೊರಡುತ್ತದೆ. ನಮ್ಮ ಮುಂಬಯಿಯ ಪಾರ್ಸಿಗಳು ಅಗಿಯಾರಿಯ ಬೆಂಕಿಗೆ ಅರ್ಪಿಸುವ 'ಸುಖಡ್' ಕೂಡ ಇದೇ.

ಈ ಮರದ ಪರಿಮಳ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಕಡಿಯದೆ ಬೇರುಸಹಿತ ಕೀಳುತ್ತಾರೆ. ಚೇಗು ಬಲಿಯಲು ಹತ್ತಾರು ವರ್ಷ ಬೇಕು. ಅಕ್ಕಪಕ್ಕದ ಗಿಡಗಳ ಬೇರಿನಿಂದ ಸಾರ ಹೀರಿ ಬೆಳೆಯುವುದರಿಂದ ಒಂಟಿಯಾಗಿ ನೆಟ್ಟರೆ ಏಳಿಗೆಯಾಗದು. 1792ರಲ್ಲಿ ಟಿಪ್ಪು ಇದನ್ನು ರಾಜಮರವೆಂದು ಸಾರಿದ. ಮುಂದೆಯೂ ಬಹುಕಾಲ ನಮ್ಮ ಹಿತ್ತಲಲ್ಲಿ ಬೆಳೆದರೂ ಮರ ಸರಕಾರದ್ದೇ ಆಗಿತ್ತು. 2001ರಲ್ಲಿ ಕರ್ನಾಟಕ ಕಾಯಿದೆ ತಿದ್ದಿದ ಮೇಲೆ ಜಮೀನಿನವರಿಗೆ ಒಡೆತನ ಬಂತು. ಅಷ್ಟರಲ್ಲಿ ಕಳ್ಳಸಾಗಣೆಗೆ ಕಾಡು ಬರಿದಾಗಿತ್ತು.

ಅದರ ಬಿಸಿ ನನಗೆ ತಟ್ಟಿದ್ದು ಹೋದ ವರ್ಷ, ಅಮ್ಮ ತೀರಿಕೊಂಡಾಗ. ಚಿತೆಗೆ ಇಡಲು ಅಂಗಡಿಯಿಂದ ತಂದ ಗಂಧದ ಚಕ್ಕೆಯನ್ನು ಉಜ್ಜಿ ನೋಡಿದೆ. ಮೇಲೆ ಸವರಿದ್ದ ಸೆಂಟು ಹೋಗಿ ಬರೀ ಸೌದೆ ಉಳಿಯಿತು. ತಮ್ಮ ಮೆಲ್ಲಗೆ, "ಅಕ್ಕಾ, ಅಮ್ಮನ ಕೊರಡನ್ನೇ ಇಟ್ಟುಬಿಡೋಣ್ವಾ?" ಎಂದ. ನನಗೆ ಕೈ ಬರಲಿಲ್ಲ. "ಇದು ನಿನ್ನ ಮಗಳಿಗೆ" ಎಂದು ಅಮ್ಮ ಹೇಳಿಟ್ಟಿದ್ದಳು. ಕೊನೆಗೆ ಅದನ್ನೇ ತೇದು ಅವಳ ಹಣೆಗೆ ಹಚ್ಚಿ ಕಳುಹಿಸಿಕೊಟ್ಟೆ. ಆ ದಿನ ಮಾತ್ರ ಕಡಲೆಕಾಳಿನ ಲೆಕ್ಕ ಇಡಲಿಲ್ಲ. ಮಾಡಿದ್ದು ಸರಿಯೋ ತಪ್ಪೋ, ಇಂದಿಗೂ ಒಮ್ಮೊಮ್ಮೆ ಯೋಚಿಸುತ್ತೇನೆ.

"ಪುಡಿ ಸಿಗುತ್ತಲ್ಲಮ್ಮಾ, ಯಾಕೆ ತೇಯ್ಬೇಕು?" ಎನ್ನುತ್ತಿದ್ದ ಮಗಳು ಈಗ ಶನಿವಾರ ತಾನೇ ಸಾಣೆಕಲ್ಲಿನ ಮುಂದೆ ಕೂರುತ್ತಾಳೆ. ಗೆಳತಿಯರೇ, ನಿಮ್ಮ ಮನೆಯಲ್ಲೂ ಅಂಥದೊಂದು ಕೊರಡಿದ್ದರೆ ಬೀರುವಿನಲ್ಲಿಡಬೇಡಿ, ದಿನವೂ ಸ್ವಲ್ಪ ತೇಯಿರಿ. ಹೊಸದು ಕೊಳ್ಳುವುದಾದರೆ ಸರಕಾರಿ ಮಳಿಗೆಯಲ್ಲಿ ರಸೀದಿ ಪಡೆದೇ ಕೊಳ್ಳಿ. ಊರಲ್ಲಿ ಜಾಗವಿದ್ದವರು ಎರಡು ಸಸಿ ನೆಡಿ, ಪಕ್ಕದಲ್ಲಿ ಒಂದು ತೊಗರಿ ಗಿಡವನ್ನೂ ಜೊತೆಗಿಡಿ. ಅದಕ್ಕೂ ನಮ್ಮ ಹಾಗೆ ನೆರೆಹೊರೆ ಬೇಕು.