ಕಿಟಕಿಯಲ್ಲೊಂದು ಹಿತ್ತಲು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮನೆಯೊಳಗೆ ಗಿಡಗಳನ್ನಿಟ್ಟು ಅಲಂಕರಿಸುವ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರವಲ್ಲ. ಆದರೂ ಡೊಂಬಿವಲಿಯಲ್ಲಿ ಸಂಸಾರ ಹೂಡಿದವರಿಗೆ ಈ ವಿದ್ಯೆ ಸ್ವಲ್ಪವಾದರೂ ಬೇಕಾಗುತ್ತದೆ. ಊರಿನ ಮನೆಗೆ ಹಿತ್ತಲೊಂದಿತ್ತು. ಕರಿಬೇವು, ದೊಡ್ಡಪತ್ರೆ, ನಾಲ್ಕು ಬಾಳೆ, ಒಂದು ಮಲ್ಲಿಗೆ, ಎಲ್ಲವೂ ಪಾತ್ರೆ ತೊಳೆದ ನೀರು ಕುಡಿದುಕೊಂಡು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದುವು. ಇಲ್ಲಿ ಆ ಹಿತ್ತಲು ಕಿಟಕಿಯ ಗ್ರಿಲ್ಲಿಗೆ ಬಂದು ನಿಂತಿದೆ.

ಮೇ ತಿಂಗಳಲ್ಲಿ ಊರಿಗೆ ಹೋದವರು ಮತ್ಸ್ಯಗಂಧಾ ಗಾಡಿಯಲ್ಲಿ ಹಿಂದಿರುಗುವಾಗ ಸೀಟಿನ ಕೆಳಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಶಂಕರಪುರದ ಮಲ್ಲಿಗೆ ಗಿಡವನ್ನು ತರುವುದುಂಟು. ಥಾಣೆಯಲ್ಲಿ ಇಳಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮಗುವಿನಂತೆ ಕಾಪಾಡಿ, ಮನೆಗೆ ತಂದು ಟಿ.ವಿ.ಯ ಪಕ್ಕದಲ್ಲಿಡುತ್ತಾರೆ. ಎರಡು ತಿಂಗಳಿಗೆ ಎಲೆ ಹಳದಿಯಾಗಿ ಉದುರುತ್ತದೆ. "ಊರಿನ ಗಿಡ ಈ ನೆಲಕ್ಕೆ ಹತ್ತುವುದಿಲ್ಲ ಮಗಾ, ನಾವೂ ಹಾಗೆಯೇ" ಎಂದು ಮನೆಯ ಹಿರಿಯರು ನಿಟ್ಟುಸಿರಿಡುತ್ತಾರೆ.

ಹಿರಿಯರ ಆ ಮಾತನ್ನು ನಾವು ಒಪ್ಪಲಾರೆವು. ಮಲ್ಲಿಗೆಗೆ ಬೇಕಾದದ್ದು ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು. ಬಯಲಿನ ನಡುಹಗಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. (ಲಕ್ಸ್ ಎಂದರೆ ಬೆಳಕಿನ ಅಳತೆ, ಸಾಬೂನಿನ ಮಾತಲ್ಲ.) ಕಿಟಕಿಯಿಂದ ಹತ್ತಡಿ ಒಳಗೆ ಬಂದರೆ ಕೆಲವು ನೂರು ಉಳಿದರೆ ಹೆಚ್ಚು. ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಗಿದಂತೆಯೇ ಕಾಣುತ್ತದೆ. ಗಿಡ ಮಾತ್ರ ಉಪವಾಸ ಬೀಳುತ್ತದೆ. ಅದೇ ಮಲ್ಲಿಗೆಯನ್ನು ದಕ್ಷಿಣದ ಇಲ್ಲವೆ ಪಶ್ಚಿಮದ ಗ್ರಿಲ್ಲಿಗೆ ಸಾಗಿಸಿ ನೋಡಿ, ಕಲ್ಯಾಣದಲ್ಲೂ ಹೂ ಬಿಡುತ್ತದೆ.

ಒಳಕೋಣೆಗೆ ಬೇರೆ ಗಿಡಗಳುಂಟು. ಮನಿ ಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಸ್ನೇಕ್ ಪ್ಲಾಂಟಿನದು ಪಶ್ಚಿಮ ಆಫ್ರಿಕಾ. ಅಷ್ಟು ದೂರದಿಂದ ಬಂದೂ ಇವು ನಮ್ಮ ಮಬ್ಬು ಕೋಣೆಗಳಲ್ಲಿ ಗೊಣಗದೆ ಬದುಕುತ್ತವೆ. ಕೂಸುಗಳಿರುವ ಮನೆಯಲ್ಲಿ ಮಾತ್ರ ಮನಿ ಪ್ಲಾಂಟನ್ನು ಎತ್ತರದಲ್ಲಿಡಬೇಕು. ಅದರ ಎಲೆ ಅಗಿದರೆ ಬಾಯಿ, ನಾಲಗೆ ಉರಿಯುತ್ತವೆ.

ಇಂಥ ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆಂದು ಅಂಗಡಿಯವರು ಹೇಳುತ್ತಾರೆ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗವೇ ಆ ಮಾತಿಗೆ ಆಧಾರ. 2019ರಲ್ಲಿ ಅಲ್ಲಿಯದೇ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ, ಕಿಟಕಿ ಬಾಗಿಲುಗಳಿಂದ ಆಗುವ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು ತೋರಿಸಿದರು. ಅಷ್ಟು ಗಿಡ ಇಟ್ಟರೆ ನಾವು ಮಲಗುವುದು ಎಲ್ಲಿ? ಕಣ್ಣಿಗೆ ತಂಪು, ಮನಸ್ಸಿಗೆ ಹಿತ ಎಂದು ಗಿಡ ಸಾಕೋಣ, ಅಷ್ಟು ಸಾಲದೆ?

ಇನ್ನೊಂದು ಮಾತನ್ನು ತಾಯಂದಿರು ದಯವಿಟ್ಟು ಗಮನಿಸಬೇಕು. ಮಳೆಗಾಲದಲ್ಲೂ ಅದು ಮುಗಿದ ಮೇಲೂ ನಮ್ಮ ಕಡೆ ಡೆಂಗೀ ಜ್ವರ ತಪ್ಪಿದ್ದಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಮೊಟ್ಟೆಯಿಡುವುದು ಮನೆಯ ತಿಳಿನೀರಿನಲ್ಲಿ. ಮನಿ ಪ್ಲಾಂಟಿನ ಬಾಟಲಿ, ಕುಂಡದ ಕೆಳಗಿನ ತಟ್ಟೆ ಅದಕ್ಕೆ ಅರಮನೆಯಿದ್ದಂತೆ. ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ಎಂಟು ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರು ಬದಲಾಯಿಸಬೇಕು. ನೀರು ಚೆಲ್ಲಿದರಷ್ಟೇ ಸಾಲದು; ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬ್ರಷ್ಷಿನಿಂದ ತಿಕ್ಕಿ ತೊಳೆಯಲೇಬೇಕು. ತಟ್ಟೆಗೆ ಮರಳು ತುಂಬಿದರೆ ಇನ್ನೂ ಕ್ಷೇಮ. ವಾರವೆಲ್ಲ ಲೋಕಲ್ ಗಾಡಿಯಲ್ಲಿ ಕಳೆಯುವ ಯಜಮಾನರಿಗೆ ಭಾನುವಾರದ ಈ ಕೆಲಸವನ್ನು ಒಪ್ಪಿಸಬಹುದು.

ಗ್ರಿಲ್ಲಿನ ಮೇಲೆ ಕುಂಡ ಸೇರಿಸುವಾಗ ತೂಕ ಮರೆಯಬಾರದು. 1 ಲೀಟರ್ ನೀರೆಂದರೆ 1 ಕಿಲೋ. ನೆನೆದ ಮಣ್ಣು ಅದಕ್ಕೂ ಭಾರ. ಕೆಳಗೆ ಜನ ನಡೆದಾಡುತ್ತಾರೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರಾಗುತ್ತದೆ.

ಎಲ್ಲಕ್ಕಿಂತ ಸುಲಭದ ಗಿಡ ದೊಡ್ಡಪತ್ರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹಿತ್ತಲಿದ್ದವರಿಗೆ ಸರಿ. ಇಲ್ಲಿ ಮಗುವಿಗೆ ಶೀತವಾದರೆ ಪಕ್ಕದ ಮನೆಯ ಮರಾಠಿ ಕಾಕು ನಮ್ಮ ಗ್ರಿಲ್ಲಿನಿಂದಲೇ ಎರಡೆಲೆ ಕೇಳುತ್ತಾರೆ. ಅವರಿಗೆ ಅದು ಓವಾದ ಎಲೆ. ಅವರು ಭಜಿ ಕರಿಯುತ್ತಾರೆ, ನಾವು ತಂಬುಳಿ ಮಾಡುತ್ತೇವೆ. ನಾವು ಊರಿಗೆ ಹೋದಾಗ ಬೀಗದ ಕೈ ಇಟ್ಟುಕೊಂಡು ನೀರು ಹಾಕುವವರೂ ಅವರೇ. ಒಂದು ಗೆಣ್ಣು ಮುರಿದು ನೆಟ್ಟರೆ ಬೇರು ಬಿಡುತ್ತದೆ, ಅರ್ಧ ದಿನದ ಬಿಸಿಲು ಸಾಕು. ಇಂದು ಒಂದು ಚೀಲ ತುಂಬ ತುಂಡುಗಳನ್ನು ತಂದಿದ್ದೇವೆ; ಬಾಗಿಲ ಬಳಿಯ ಮೇಜಿನ ಮೇಲಿದೆ. ಬೇಕಾದವರು ಹೋಗುವಾಗ ತೆಗೆದುಕೊಳ್ಳಬಹುದು.